ಕೆಂಪು ಗುಂಡಿ ಮೊದಲು ಒತ್ತುವವರು ಯಾರು

ನಿವೃತ್ತಿಯ ನಂತರ ಸುಮ್ಮನೆ ಕೂರಬೇಕಿತ್ತು. ಕೂರಲಿಲ್ಲ, ಅದು ನನ್ನ ಜಾತಕದಲ್ಲೇ ಇಲ್ಲ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸಿ ಗಂಟಲು ಹರಿದುಕೊಂಡದ್ದು ಸಾಲದೆಂದು, ಶಕ್ತಿನಗರದ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದೊಡ್ಡವರಿಗೆ ಇಂಗ್ಲಿಷ್ ಮಾತಾಡಲು ಕಲಿಸುತ್ತೇನೆಂದು ಹೊರಟೆ. ವಾರಕ್ಕೆ ಮೂರು ದಿನ, ಸಂಜೆ ಏಳರಿಂದ ಎಂಟು. ಏಳು ಜನ ಸೇರಿದರು, ಎಲ್ಲರೂ ನಲವತ್ತು ದಾಟಿದವರು.

ದೊಡ್ಡವರಿಗೆ ಆನ್‌ಲೈನಿನಲ್ಲಿ ಕಲಿಸುವುದು ಹೇಗೆಂದು ಮೊದಲು ನಾನೇ ಒಂದು ವೆಬಿನಾರ್‌ನಲ್ಲಿ ಕೂತು ಕಲಿತಿದ್ದೆ. ಸ್ಲೈಡ್ ಕಡಿಮೆ ಇರಲಿ, ಇಬ್ಬಿಬ್ಬರನ್ನು ಪರದೆಯ ಮೇಲಿನ ಬೇರೆ ಬೇರೆ ಕೋಣೆಗೆ ಕಳಿಸಿ ಮಾತಾಡಿಸಿ, ಅವರ ಸಮಯಕ್ಕೆ ಬೆಲೆ ಕೊಟ್ಟು ಹೇಳಿದ ಹೊತ್ತಿಗೆ ಮುಗಿಸಿ. ಎಲ್ಲವನ್ನೂ ನೋಟ್ಸ್ ಮಾಡಿಕೊಂಡೆ. ಪಾಠ ಮಾಡಿದ ಪುಣ್ಯಾತ್ಮನಿಗೆ ನಮ್ಮ ಊರಿನವರ ವಿಷಯ ಗೊತ್ತಿರಲಿಲ್ಲ.

ಕೋಣೆಗೆ ಕಳಿಸಿದ ಮೊದಲ ದಿನವೇ, ಕುದ್ರೋಳಿಯಲ್ಲಿ ಜಿನಸಿನ ಅಂಗಡಿ ಇಟ್ಟಿರುವವರು ಫೋನ್ ಮಾಡಿ, ತನ್ನಿಂದ ಎಂತ ತಪ್ಪಾಯಿತು, ಕ್ಲಾಸಿನಿಂದ ಯಾಕೆ ಹೊರಗೆ ಹಾಕಿದಿರಿ ಎಂದು ಕೇಳಿದರು. ಅದೇ ಕೋಣೆಗೆ ಹೋದ ಇನ್ನೊಬ್ಬರು ಅಷ್ಟರಲ್ಲಿ ಅವರಿಗೆ ತುಳುವಿನಲ್ಲಿ ಸಮಾಧಾನ ಹೇಳಿಯೂ ಆಗಿತ್ತು. ಇಂಗ್ಲಿಷಿನ ಒಂದಕ್ಷರವೂ ಆ ಕೋಣೆಯೊಳಗೆ ಕಾಲಿಡಲಿಲ್ಲ.

ಅದನ್ನು ಸಹಿಸಬಹುದು. ಸಹಿಸಲಾಗದ್ದು ಎಂಟು ಗಂಟೆ. ನಮ್ಮಲ್ಲಿ ಯಾರ ಮನೆಯಿಂದಲೂ ಯಾರೂ ಸುಮ್ಮನೆ ಎದ್ದು ಹೋಗುವುದಿಲ್ಲ. ಬರ್ತೇನೆ ಎಂದು ಎದ್ದು, ಜಗಲಿಯಲ್ಲೊಮ್ಮೆ ಬರ್ತೇನೆ, ಮೆಟ್ಟಿಲಲ್ಲೊಮ್ಮೆ ಬರ್ತೇನೆ, ಆಮೇಲೆ ಗೇಟಿನ ಹತ್ತಿರ ಹೊಸ ಸುದ್ದಿ ತೆಗೆದು ಅರ್ಧ ಗಂಟೆ. ಆ ಏಳು ಜನ ಇದೇ ಕ್ರಮವನ್ನು ನನ್ನ ಕ್ಲಾಸಿಗೂ ತಂದರು. ಎಂಟಕ್ಕೆ ನಾನು ಗುಡ್ ನೈಟ್ ಎಂದರೆ ಏಳು ಚೌಕಗಳಲ್ಲಿ ಏಳು ಮುಖ ನಗುತ್ತಾ ಕೂತಿರುತ್ತಿದ್ದವು. ಹೊರಗೆ ಹೋಗುವ ಕೆಂಪು ಗುಂಡಿ ಒತ್ತಿದರೆ ಟೀಚರಿಗೆ ಅವಮಾನ. ನಾನೇ ಒತ್ತಬಹುದಿತ್ತಲ್ಲ? ಎಲ್ಲಿಂದ! ನಾನೂ ಇದೇ ಊರಿನವಳು. ಬಂದವರು ಕೂತಿರುವಾಗ ಬಾಗಿಲು ಹಾಕುವುದು ನನ್ನಿಂದಲೂ ಆಗಲಿಲ್ಲ. ಎಂಟೂವರೆಯ ಹೊತ್ತಿಗೆ ಫೋನಿನ ಚಾರ್ಜ್ ಮುಗಿದು ಒಬ್ಬೊಬ್ಬರೇ ಉದುರುತ್ತಿದ್ದರು.

ಒಂದು ದಿನ ಸಿಟ್ಟು ನೆತ್ತಿಗೇರಿ, ಗುಂಡಿ ಒತ್ತುವುದನ್ನೇ ಪಾಠ ಮಾಡಿದೆ. ಥ್ಯಾಂಕ್ ಯೂ, ನಗು, ಗುಂಡಿ. ಹತ್ತು ಸಲ ಅಭ್ಯಾಸ. ಆರು ಜನ ಕಲಿತರು. ಉಳಿದವರು ತೊಕ್ಕೊಟ್ಟಿನ ಬಾಯಿ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಾವು ಗೌರವದಿಂದ ಹಾಗೆ ಕರೆಯುವುದು.

"ಒತ್ಲಿಕ್ಕೆ ಕೈ ಬರುದಿಲ್ಲ ಟೀಚರ್," ಎಂದರು.

ಕೈ ಬರಲೇಬೇಕಿದ್ದದ್ದು ಅವರಿಗೇ. ಕೆಲಸಕ್ಕೆ ಹೋಗುವ ಹುಡುಗಿಯರ ಹಾಸ್ಟೆಲೊಂದಕ್ಕೆ ವಾರ್ಡನ್ ಬೇಕಾಗಿತ್ತು. ಸಂದರ್ಶನ ಆನ್‌ಲೈನಿನಲ್ಲಿ, ಇಂಗ್ಲಿಷಿನಲ್ಲಿ. ಬಾಯಿಗೆ ಐವತ್ತೆರಡು ವರ್ಷ. ತಮ್ಮನ ಮನೆಯ ಚಾವಡಿಯಲ್ಲಿ, ಎಲ್ಲರೂ ಟಿವಿ ನೋಡಿ ಎದ್ದ ಮೇಲೆ ಚಾಪೆ ಹಾಸುವವರು. ವಾರ್ಡನ್‌ಗೆ ಒಂದು ಕೋಣೆ ಉಂಟು, ಅದಕ್ಕೆ ಒಳಗಿನಿಂದ ಚಿಲಕ ಉಂಟು ಎಂದು ನನಗೆ ಮೂರು ಸಲ ಹೇಳಿದ್ದರು. ಆ ಚಿಲಕ ಅವರಿಗೆ ಸಿಗಲೇಬೇಕೆಂದು ನನಗೆ ಹಟ ಹುಟ್ಟಿತ್ತು.

ನೆಟ್‌ವರ್ಕ್ ಚೆನ್ನಾಗಿದೆಯೆಂದು ಅವರು ಸಂದರ್ಶನದ ದಿನ ನಮ್ಮ ಮನೆಗೇ ಬಂದು ಕೂತರು. ನಾನು ಕ್ಯಾಮೆರಾಗೆ ಕಾಣದ ಹಾಗೆ ಫ್ರಿಜ್ಜಿನ ಪಕ್ಕ ನಿಂತೆ. ಪರದೆಯ ಮೇಲೆ ಹಾಸ್ಟೆಲ್ ನಡೆಸುವ ಟ್ರಸ್ಟಿನ ಮೂವರು, ನಮ್ಮೂರಿನವರೇ, ಎಲ್ಲರೂ ವಯಸ್ಸಾದವರು. ಹುಡುಗಿ ತಡವಾಗಿ ಬಂದರೆ ಏನು ಮಾಡುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬಾಯಿ ಗಾಬರಿಯಲ್ಲಿ, ನಾನು ಬಾಯಿಪಾಠ ಮಾಡಿಸಿದ್ದ "ನಾನು ಪ್ರಾಮಾಣಿಕಳು, ಕಷ್ಟಪಟ್ಟು ದುಡಿಯುವವಳು" ಎಂಬ ವಾಕ್ಯವನ್ನೇ ಒಪ್ಪಿಸಿದರು. ಬೆಂಕಿ ಬಿದ್ದರೆ? ಪ್ರಾಮಾಣಿಕಳು, ಕಷ್ಟಪಟ್ಟು ದುಡಿಯುವವಳು. ತಿಳಿಸುತ್ತೇವೆ, ಥ್ಯಾಂಕ್ ಯೂ, ಎಂದರು ಆ ಮೂವರು.

ಒತ್ತಿ, ಒತ್ತಿ ಎಂದು ನಾನು ಗಾಳಿಯಲ್ಲಿ ಬೆರಳು ಕುಟ್ಟಿದೆ. ಬಾಯಿ ಕೈಮುಗಿದು ಕೂತರು. ಆ ಮೂವರೂ ಕೈಮುಗಿದು ಕೂತರು. ಒಂದು ನಿಮಿಷ ನಾಲ್ಕು ಮುಖಗಳು ಒಂದನ್ನೊಂದು ನೋಡಿ ನಕ್ಕವು. ನಾನು ತಲೆ ಚಚ್ಚಿಕೊಂಡೆ. ಕೊನೆಗೆ ನಡುವಿನ ಚೌಕದ ಅಜ್ಜಿಗೆ ತಡೆಯಲಾಗಲಿಲ್ಲ.

"ಊಟ ಆಯ್ತಾ ಬಾಯಿ?"

ಅಷ್ಟೇ, ಕಟ್ಟೆ ಒಡೆಯಿತು. ಆಗಬೇಕಷ್ಟೆ, ನಿಮ್ಮದು ಎಂದರು ಬಾಯಿ. ಹಾಸ್ಟೆಲಿನಲ್ಲಿ ಹುಡುಗಿಯರು ದಿನಾ ತೊಂಡೆಕಾಯಿ ಸಾರು ಚೆಲ್ಲುತ್ತಾರೆಂದು ಅಜ್ಜಿ ಗೋಳು ತೋಡಿಕೊಂಡರು. ಮೂರು ದಿನ ಒಂದೇ ತೊಂಡೆಕಾಯಿ ಹಾಕಿದರೆ ಚೆಲ್ಲದೆ ಇನ್ನೆಂತ ಎಂದು ಬಾಯಿ ಅಜ್ಜಿಗೇ ಬೈದರು. ಮಾತು ಹಾಗೇ ಹೋಗಿ, ತಡವಾಗಿ ಬರುವ ಹುಡುಗಿಯ ವಿಷಯ ಮತ್ತೆ ಬಂತು.

"ಬೈಲಿಕ್ಕೆ ಮರುದಿನ ಉಂಟಲ್ಲ," ಎಂದರು ಬಾಯಿ. "ಮೊದಲು ಊಟ ಹಾಕ್ಬೇಕು. ಹಸಿದು ಬಂದವಳಿಗೆ ಬೈದ್ರೆ ಅವಳು ಸುಳ್ಳೇ ಹೇಳುದು."

ಯಾವಾಗಿನಿಂದ ಬರ್ತೀರಿ ಎಂದು ಅಜ್ಜಿ ಕೇಳಿದರು. ಫ್ರಿಜ್ಜಿನ ಪಕ್ಕ ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

ಮರುದಿನವೇ ಗುಂಡಿಯ ಪಾಠವನ್ನು ವಾಪಸು ತೆಗೆದುಕೊಂಡೆ. ಇನ್ನು ಕ್ಲಾಸು ಎಂಟೂವರೆವರೆಗೆ, ಕೊನೆಯ ಅರ್ಧ ಗಂಟೆ ಬರ್ತೇನೆ ಹೇಳಲಿಕ್ಕೆ, ಆದರೆ ಇಂಗ್ಲಿಷಿನಲ್ಲಿ ಎಂದು ಸಾರಿದೆ. ಆ ಅರ್ಧ ಗಂಟೆಯಲ್ಲಿ ಅವರು ಕಲಿತಷ್ಟು ಇಂಗ್ಲಿಷನ್ನು ನನ್ನ ಯಾವ ಸ್ಲೈಡೂ ಕಲಿಸಿರಲಿಲ್ಲ.

ಹಾಸ್ಟೆಲಿಗೆ ಹೋದ ವಾರ ಬಾಯಿ ತಮ್ಮ ಕೋಣೆಯಿಂದಲೇ ಕ್ಲಾಸಿಗೆ ಬಂದರು. ಬೆನ್ನ ಹಿಂದೆ ಮುಚ್ಚಿದ ಬಾಗಿಲು, ಹಾಕಿದ ಚಿಲಕ. ಎಲ್ಲರೂ ನೋಡಲೆಂದು ಫೋನನ್ನು ಅದರ ಹತ್ತಿರ ಒಯ್ದು ತೋರಿಸಿದರು. ಎಂಟು ಗಂಟೆಗೆ ನಾನು ಗುಡ್ ನೈಟ್ ಎಂದು, ಅರ್ಧ ಗಂಟೆಯ ಮಾತಿಗೆ ಚಹಾ ಬಗ್ಗಿಸಿಕೊಂಡು ಕೂತೆ.

"ಟೀಚರ್, ನಂಗೆ ಗೇಟ್ ಹಾಕ್ಲಿಕ್ಕೆ ಉಂಟು," ಎಂದರು ಬಾಯಿ. ಟಕ್ಕನೆ ಗುಂಡಿ ಒತ್ತಿದರು. ಚೌಕ ಮಾಯ.

ನಾನು ಲೋಟ ಹಿಡಿದು ಬಾಯಿ ತೆರೆದು ಕೂತೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಬೇಸರವೂ ಆಯಿತು. ಒಂದು ಬರ್ತೇನೆ ಕೂಡ ಹೇಳಲಿಲ್ಲವಲ್ಲ ಎಂದು ಉಳಿದ ಆರು ಜನರೂ ನಾನೂ ಎಂಟೂವರೆವರೆಗೆ ಅದನ್ನೇ ಮಾತಾಡಿದೆವು.