ಟಾಂಕಿ ಇಲ್ಲದ ಗೀಜರ್

ಬಚ್ಚಲೊಲೆಯ ಮುಂದೆ ಒಂದು ದಿನವೂ ಕೂತು ಊದುಗೊಳವೆ ಹಿಡಿಯದ ಗಂಡಸರಿಗೆ ನೀರು ಕಾಯಿಸುವ ವಿದ್ಯೆ ಇಷ್ಟೊಂದು ಗೊತ್ತಿರುತ್ತದೆ ಎಂಬುದು, ನಮ್ಮ ಮನೆಗೆ ಗೀಜರ್ ತರುವ ಮಾತು ಬಂದಾಗಲೇ ನನಗೆ ತಿಳಿದದ್ದು. ಆವತ್ತಿನ ಸಿಟ್ಟು ಇನ್ನೂ ಆರಿಲ್ಲ. ಆರಲಿ ಎಂಬ ಆಸೆಯೂ ನನಗಿಲ್ಲ.

ತೊಂಬತ್ತರ ದಶಕದ ಮಾತು. ಮಸ್ಕಿಯಲ್ಲಿ ನಮ್ಮದು ಕಿರಾಣಿ ಅಂಗಡಿಯವರ ಮನೆ. ಸ್ನಾನ, ಲಿಂಗಪೂಜೆ ಆಗದೆ ಹೆಂಗಸರು ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಹಂಡೆಯ ನೀರು ಕಾಯಲಿ ಎಂದು ಕೂತರೆ ಚಹಾ ತಡವಾಗುತ್ತದೆ, ಚಹಾ ತಡವಾದರೆ ಮನೆಯೇ ಮುಳುಗುತ್ತದೆ. ಹೀಗಾಗಿ ಅತ್ತೆಯವರೂ ನಾನೂ ನಸುಕಿನಲ್ಲಿ ತಣ್ಣೀರು ಸುರಿದುಕೊಂಡು, ಆಮೇಲೆ ಹತ್ತಿಕಟ್ಟಿಗೆಯ ಹೊಗೆ ಕುಡಿಯುತ್ತ ಉಳಿದವರಿಗೆ ನೀರು ಕಾಯಿಸುತ್ತಿದ್ದೆವು. ಉರಿ ಹಾಕುವವರಿಗೆ ತಣ್ಣೀರು, ಹಾಸಿಗೆಯಲ್ಲಿ ಹೊರಳುವವರಿಗೆ ಬಿಸಿನೀರು. ಸ್ನಾನದ ಬಗ್ಗೆ ಹಿರಿಯರು ಬರೆದಿಟ್ಟದ್ದೇನು ಕಡಿಮೆಯೇ? ಯಾವ ದಿಕ್ಕಿಗೆ ಮುಖ ಮಾಡಬೇಕು, ಯಾವ ವಾರ ಎಣ್ಣೆ ಹಚ್ಚಬೇಕು, ಎಲ್ಲವೂ ಇದೆ. ನೀರು ಕಾಯಿಸಿದವರು ಯಾರು ಎಂಬ ಒಂದು ಸಾಲು ಮಾತ್ರ ನನಗೆ ಎಲ್ಲೂ ಸಿಕ್ಕಿಲ್ಲ.

ಆ ಚಳಿಗಾಲ ನನಗೆ ಹಿಡಿದ ಕೆಮ್ಮು ಬಿಡಲೇ ಇಲ್ಲ. ಡಾಕ್ಟರು ತಣ್ಣೀರು ಮುಟ್ಟಬೇಡಿ ಎಂದ ಮೇಲೆ ಗೀಜರ್ ಎಂಬ ಪದ ಪಡಸಾಲೆಗೆ ಬಂತು. ಬಂದದ್ದೇ ಗಂಡಸರ ವಶವಾಯಿತು. ಸಿಂಧನೂರಿನ ಅಂಗಡಿಯಲ್ಲಿ ಎರಡು ನಮೂನೆ ಇದ್ದವಂತೆ: ನೀರು ಕಾಯಿಸಿ ಕೂಡಿಡುವ ಟಾಂಕಿಯದೊಂದು, ನಳ ತಿರುವಿದಾಗಲೇ ಕಾಯಿಸಿ ಕೊಡುವ ಪುಟ್ಟದೊಂದು. ಲಿಂಗಸುಗೂರಿನಿಂದ ಬಂದಿದ್ದ ನಾದಿನಿಯ ಗಂಡ ತೀರ್ಪು ಕೊಟ್ಟೇಬಿಟ್ಟರು. "ಮಾವಾರ, ಟಾಂಕೀದೇ ತಗೊಳ್ರಿ. ನೀವು ಏಳೂತನಾ ನೀರು ಬಿಸಿ ಇರತೈತಿ."

ನನ್ನ ಮೈ ಉರಿಯಿತು. ಕೂಡಿಟ್ಟ ನೀರಿಗೆ ವಾರಸುದಾರರು ಹುಟ್ಟುತ್ತಾರೆ. ಮಾವನವರಿಗೆ ಇರಲಿ, ಬೀಗರಿಗೆ ಇರಲಿ ಎಂದು ಎತ್ತಿಟ್ಟು, ನಸುಕಿನಲ್ಲಿ ನಾವು ಮತ್ತೆ ತಣ್ಣೀರಿಗೇ ಕೈ ಹಾಕುತ್ತೇವೆ. ನನ್ನ ಬುದ್ಧಿ ನನಗೆ ಗೊತ್ತು. ಕೂಡಿಡಲು ಬಾರದ ಗೀಜರ್ ಆದರೆ ಯಾರ ಪಾಲೂ ಇಲ್ಲ, ಬಚ್ಚಲಲ್ಲಿ ಇದ್ದವರದೇ ನೀರು.

ರಾತ್ರಿ ನಮ್ಮ ಮನೆಯವರಿಗೆ ಹೇಳಿದೆ: "ಟಾಂಕೀದು ತಂದ್ರ, ಮೊದಲು ನೀವು ಒಂದು ವಾರ ನಸಿಕಿನ್ಯಾಗ ತಣ್ಣೀರು ಹಾಕ್ಕೋರಿ. ಆಮ್ಯಾಲ ಮಾತಾಡೂನು." ಮರುದಿನವೇ ಅವರು ಸಿಂಧನೂರಿಗೆ ಹೋದರು. ಪುಟ್ಟದನ್ನೇ ತಂದರು.

ಅದಕ್ಕೆ ವಿಭೂತಿ ಬಳಿದು, ಕಾಯಿ ಒಡೆದು ಗೋಡೆಗೇರಿಸಿದೆವು. ಮರುದಿನ ನಸುಕಿನಲ್ಲಿ ಬೆನ್ನ ಮೇಲೆ ಬಿಸಿನೀರು ಬಿದ್ದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ಅತ್ತುಬಿಟ್ಟೆ.

ಆದರೆ ಬಿಸಿಲೇರಿದ ಮೇಲೆ ನಮ್ಮ ಓಣಿಯ ಹಿಟ್ಟಿನ ಗಿರಣಿ ಶುರುವಾಗುತ್ತದೆ, ಹೊಲಗಳ ಪಂಪುಗಳು ಶುರುವಾಗುತ್ತವೆ, ಕರೆಂಟಿನ ಜೀವ ಅರ್ಧವಾಗುತ್ತದೆ. ಮಾವನವರು ಬಚ್ಚಲಿಗೆ ಹೋಗುವುದು ಆಗಲೇ. ನಳದಿಂದ ಉಗುರುಬೆಚ್ಚಗೂ ಅಲ್ಲದ ನೀರು ಬಂತು. ಟವೆಲು ಸುತ್ತಿಕೊಂಡೇ ಹೊರಬಂದು ಪಂಚಾಯಿತಿ ಕೂಡಿಸಿದರು.

"ಇದು ಖರಾಬ್ ಐತಿ. ವಾಪಸ್ ಕೊಟ್ಟು ಬರೂನು."

ನಮ್ಮ ಮನೆಯವರು ತಲೆಯಾಡಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ, ಅಡುಗೆಮನೆಯಿಂದ ಬಂದ ಅತ್ತೆಯವರು ಕಂಬದ ಹತ್ತಿರ ನಿಂತು, ದನಿ ಏರಿಸದೆ ಹೇಳಿದರು:

"ನಾ ಈ ಮನಿಗೆ ಬಂದಾಗಿಂದ ತಣ್ಣೀರೇ ಹಾಕ್ಕೊಂಡೀನಿ. ಹಂಡೆ ಖರಾಬ್ ಐತಿ, ವಾಪಸ್ ಕೊಟ್ಟು ಬರೂನು ಅಂತ ಆವಾಗ ಯಾರೂ ಅನ್ನಲಿಲ್ಲ."

ಪಂಚಾಯಿತಿ ಅಲ್ಲಿಗೇ ಮುಗಿಯಿತು. ಮರುದಿನ ಮಾವನವರು, ಕರೆಂಟಿಗೆ ಪೂರ್ತಿ ಜೀವ ಇರುವಾಗಲೇ ಬಿಸಿನೀರು ಹಿಡಿಯಲೆಂದು, ಕೋಳಿ ಕೂಗುವ ಮೊದಲೇ ಎದ್ದು, ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದರು. ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಒಳಗೆ ಅತ್ತೆಯವರು, ಯಾವ ಅವಸರವೂ ಇಲ್ಲದೆ, ನೀರು ಹಾಕಿಕೊಳ್ಳುತ್ತಿದ್ದರು.