ಸ್ಟೇಷನ್ ಬಿಡಲು ಅಪ್ಪಣೆ

ಬೋರಿಬಂದರದ ಸ್ಟೇಷನ್ ಮಾಸ್ತರರು ನನ್ನ ನೇಮಕದ ಪತ್ರವನ್ನು ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ನಾನು ಟ್ರಂಕಿನ ಪಕ್ಕದಲ್ಲಿ ಸೆಟೆದು ನಿಂತಿದ್ದೆ. ಬೊಂಬಾಯಿಯ ಸ್ಟೇಷನ್ ಹೆಡ್‌ಕ್ವಾರ್ಟರ್ಸಿನಲ್ಲಿ ಹಾಜರಾಗತಕ್ಕದ್ದು ಎಂದು ಪತ್ರದಲ್ಲಿ ಸ್ಪಷ್ಟವಾಗಿಯೇ ಇತ್ತು. ಧಾರವಾಡದವನಿಗೆ ಸ್ಟೇಷನ್ ಎಂದರೆ ಗಾಡಿ ನಿಲ್ಲುವ ಜಾಗ. ಬೊಂಬಾಯಿಯ ಸ್ಟೇಷನ್ನುಗಳಲ್ಲೆಲ್ಲ ದೊಡ್ಡದು ಬೋರಿಬಂದರ. ಅಂದಮೇಲೆ ಅದರ ಹೆಡ್‌ಕ್ವಾರ್ಟರ್ಸು ಮತ್ತೆಲ್ಲಿರಬೇಕು, ನೀವೇ ಹೇಳಿ!

"ಅರೇ ಬಾಬಾ, ಯೇ ಮಿಲಿಟರಿ ಕಾ ಸ್ಟೇಷನ್ ಹೈ!" ಎಂದು ಮಾಸ್ತರರು ನಗಲು ಹತ್ತಿದರು. ತಾವು ನಕ್ಕಿದ್ದು ಸಾಲದೆ ಪಕ್ಕದ ಕೋಣೆಯ ಗುಮಾಸ್ತರನ್ನೂ ಕರೆದು ಪತ್ರ ತೋರಿಸಿದರು. "ಕೊಲಾಬಾ ಜಾವ್, ಕೊಲಾಬಾ." ಕೊಲಾಬಾ ಯಾವ ದಿಕ್ಕಿಗಿದೆ ಎಂದು ಕೇಳುವ ಧೈರ್ಯವೂ ನನಗೆ ಉಳಿದಿರಲಿಲ್ಲ. ಟ್ರಂಕು ಹೆಗಲಿಗೇರಿಸಿಕೊಂಡು ಹೊರಗೆ ಬಂದೆ.

ಇದಾಗಿ ಐದು ವರ್ಷವಾಯಿತು. ನಾನು ದಂಡಿಗೆ ಸೇರಿದ್ದೇನೆಂದು ಊರಿನಲ್ಲಿ ಈಗಲೂ ಹಲವರು ನಂಬಿದ್ದಾರೆ. "ಬಂದೂಕು ಕೊಟ್ಟಾರೇನು?" ಎಂದು ಅಣ್ಣ ಪ್ರತಿ ಕಾಗದದಲ್ಲಿ ಕೇಳುತ್ತಾನೆ. ಕೊಟ್ಟಿಲ್ಲ. ಒಂದು ಟೈಪ್‌ರೈಟರ್ ಕೊಟ್ಟಿದ್ದಾರೆ, ಅದರಲ್ಲೂ ಒಂದು ಅಕ್ಷರ ಸಿಕ್ಕಿಕೊಳ್ಳುತ್ತದೆ. ನಾನು ಸೈನ್ಯದ ಕಚೇರಿಯಲ್ಲಿ ಸಮವಸ್ತ್ರವಿಲ್ಲದ ಕಾರಕೂನ.

ಮೊದಲ ವರ್ಷ ಮಾಟುಂಗದ ಒಂದು ಕೋಣೆಯಲ್ಲಿ ಆರು ಜನರ ನಡುವೆ ಕಳೆದೆ. ಇಲ್ಲಿ ಕೋಣೆಗೆ ಖೋಲಿ ಅನ್ನುತ್ತಾರೆ. ಕೆಳಗೆ ಉಡುಪಿ ಕಡೆಯವರ ಹೋಟೆಲಿತ್ತು. ಅದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದವರು ಶೀನಣ್ಣ. ಕನ್ನಡದ ಬೋರ್ಡು ಕಂಡು ಹಿಗ್ಗಿ ಒಳಗೆ ನುಗ್ಗಿದವನು ಮೊದಲು ಕೇಳಿದ್ದೇ ಜೋಳದ ರೊಟ್ಟಿ.

"ಎಂಥ ಮಾರಾಯ್ರೆ, ರೊಟ್ಟಿ ಇಲ್ಲಿ ಎಲ್ಲಿಂದ? ಇಡ್ಲಿ ತಿನ್ನಿ. ಹೊಟ್ಟೆ ತಂಪಾಗ್ತದೆ."

"ತಂಪ ಆಗೋದ ಬ್ಯಾಡ್ರಿ, ಹೊಟ್ಟಿ ತುಂಬಬೇಕು" ಎಂದೆ. ಶೀನಣ್ಣ ನನ್ನ ಮಾತು ತಿಳಿಯದೆ ಹುಡುಕಿ ಹುಡುಕಿ ಹಿಂದಿಯಲ್ಲಿ ಉತ್ತರ ಕೊಟ್ಟರು. ಇಬ್ಬರು ಕನ್ನಡಿಗರು ಬೊಂಬಾಯಿಯಲ್ಲಿ ಭೆಟ್ಟಿಯಾಗಿ ಹಿಂದಿಯಲ್ಲಿ ಮಾತಾಡಿದ ಆ ದಿನ ನನಗೆ ಅಳುವೇ ಬಂದಿತ್ತು. ಸಾಂಬಾರು ಬೇರೆ ಸಿಹಿ.

ಕಚೇರಿಯಲ್ಲಿ ನನ್ನ ಗುರು ಹೆಡ್ ಕ್ಲಾರ್ಕ್ ಸಾವಂತ ಸಾಹೇಬರು. ಬ್ರಿಟಿಷರ ಕಾಲಕ್ಕೆ ಹವಾಲ್ದಾರರಾಗಿದ್ದವರು, ಈಗಲೂ ಫೈಲು ಎತ್ತುವಾಗ ಬೆನ್ನು ಬಾಗಿಸುವುದಿಲ್ಲ. ಅವರ ಮೇಜಿನ ಹಿಂದೆ ಗೋಡೆಗೆ ಒಂದು ದೊಡ್ಡ ನಕ್ಷೆ ತೂಗುಹಾಕಿತ್ತು. ಅದರ ಎದುರು ನನ್ನನ್ನು ನಿಲ್ಲಿಸಿ ಅವರು ಮಗ್ಗಿ ಹೇಳಿಸಿದಂತೆ ಪಾಠ ಹೇಳಿಸಿದರು. ಸೈನ್ಯದಲ್ಲಿ ಸ್ಟೇಷನ್ ಎಂದರೆ ದಂಡು ಬೀಡುಬಿಟ್ಟ ಊರು. ಆ ಊರಿನ ಬ್ಯಾರಕ್ಕು, ನೀರು, ರಸ್ತೆ, ಮನೆಗಳನ್ನು ನೋಡಿಕೊಳ್ಳುವುದು ಸ್ಟೇಷನ್ ಹೆಡ್‌ಕ್ವಾರ್ಟರ್ಸ್, ಅಂದರೆ ನಾವು, ಎಲ್ಲರಿಗಿಂತ ಕೆಳಗಿನವರು. ಸ್ಟೇಷನ್ನುಗಳ ಮೇಲೆ ಸಬ್ ಏರಿಯಾ, ಅದರ ಮೇಲೆ ಏರಿಯಾ, ಏರಿಯಾಗಳ ಮೇಲೆ ಕಮಾಂಡು. ನಮ್ಮ ಕಮಾಂಡಿನ ಗಾದಿ ಪುಣೆಯಲ್ಲಿ. ಅಲ್ಲಿಂದ ಕೆಳಗೆ ಸಮುದ್ರ ಮುಟ್ಟುವವರೆಗೆ ದಂಡೆಲ್ಲ ಅವರ ಕೈಕೆಳಗೆ.

ಈ ಕಮಾಂಡಿನ ಹಿಂದಿನ ಕಥೆಯೂ ಸಾವಂತರ ಬಾಯಲ್ಲೇ ಕೇಳಿದ್ದು. ಕಂಪನಿ ಸರಕಾರದ ಕಾಲದಲ್ಲಿ ಬೊಂಬಾಯಿಗೆ ಒಂದು ಸೈನ್ಯ, ಮದ್ರಾಸಿಗೆ ಒಂದು, ಬಂಗಾಲಕ್ಕೆ ಒಂದು. ಒಬ್ಬರ ಪದ್ಧತಿ ಒಬ್ಬರಿಗೆ ಆಗದು. ಕಡೆಗೆ ಬ್ರಿಟಿಷರೇ ಬೇಸತ್ತು ಮೂರನ್ನೂ ಕೂಡಿಸಿ, ದೇಶವನ್ನು ಕಮಾಂಡುಗಳಾಗಿ ಹಂಚಿದರು. ಬೊಂಬಾಯಿಯ ದಂಡೂ ಮದ್ರಾಸಿನ ದಂಡೂ ಕ್ರಮೇಣ ಒಂದೇ ಕಮಾಂಡಿನೊಳಗೆ ಬಂದವು. ನನಗೆ ನಗು ಬಂತು. ಧಾರವಾಡದ ನಾನು ಬೊಂಬಾಯಿ ಇಲಾಖೆಯವನು, ಉಡುಪಿಯ ಶೀನಣ್ಣ ಮದ್ರಾಸಿನವರು. ದಂಡುಗಳು ಯಾವಾಗಲೋ ಒಂದಾದವು. ನಮ್ಮ ಸಾಂಬಾರು ಇನ್ನೂ ಒಂದಾಗಿರಲಿಲ್ಲ.

"ಡಿವಿಜನ್ ಚಲ್ತಾ ಹೈ, ಏರಿಯಾ ಬೈಠ್ತಾ ಹೈ" ಎನ್ನುತ್ತಿದ್ದರು ಸಾವಂತರು. ಕಾದುವ ಡಿವಿಜನ್ನು ಹೇಳಿದ ಕಡೆಗೆ ಎದ್ದು ಹೋಗುತ್ತದೆ. ಹೋದವರ ಮನೆ, ಸಾಮಾನು, ಕಾಗದಪತ್ರ ಕಾಯುತ್ತ ಏರಿಯಾ ಕೂತಲ್ಲೇ ಕೂತಿರುತ್ತದೆ. ಇದಕ್ಕಿಂತ ಹೆಚ್ಚು ಬರೆದರೆ ಅವರು ನನ್ನ ಕಿವಿ ಹಿಂಡುತ್ತಾರೆ. ನಾನಂತೂ ಎದ್ದು ಹೋಗುವವನು ಎಂದು ಮೊದಲ ದಿನವೇ ತೀರ್ಮಾನಿಸಿದ್ದೆ. ನಕ್ಷೆಯಲ್ಲಿ ಬೆಳಗಾವಿಗೂ ಒಂದು ಗುಂಡುಸೂಜಿ ಚುಚ್ಚಿತ್ತು. ಅಲ್ಲಿ ದಂಡಿದೆ, ಸ್ಟೇಷನ್ನಿದೆ, ಅಂದಮೇಲೆ ಕಾರಕೂನನೂ ಬೇಕಲ್ಲ! ಬೆಳಗಾವಿಯಲ್ಲಿ ಗಾಡಿ ಹತ್ತಿದರೆ ಕಟ್ಟಿಕೊಂಡ ಬುತ್ತಿ ಮುಗಿಯುವುದರೊಳಗೆ ಧಾರವಾಡ. ಮದುವೆಯಾಗಿ ಊರಿನಲ್ಲೇ ಬಿಟ್ಟು ಬಂದಿದ್ದ ನೀಲಾಳಿಗೆ ಅಂದೇ ಕಾಗದ ಹಾಕಿದೆ: ಮೂರು ವರ್ಷ ಕಾಯಿ, ಬೆಳಗಾವಿಗೆ ವರ್ಗ ಮಾಡಿಸಿಕೊಳ್ಳುತ್ತೇನೆ.

ಅವಳು ಒಂದು ವರ್ಷಕ್ಕಿಂತ ಹೆಚ್ಚು ಕಾಯಲಿಲ್ಲ. ಇಲ್ಲಿಗೇ ಬಂದಳು. ಬೊಂಬಾಯಿಯ ಅಂಚಿಗಿರುವ ಕಾಂದಿವಲಿಯಲ್ಲಿ ಒಂದು ಚಾಳಿನಲ್ಲಿ, ಅಂದರೆ ಸಾಲು ಖೋಲಿಗಳ ಕಟ್ಟಡದಲ್ಲಿ, ಖೋಲಿ ಹಿಡಿದೆ. ಸುತ್ತ ಭತ್ತದ ಗದ್ದೆ, ತಾಳೆ ಮರ, ಮಳೆಗಾಲದಲ್ಲಿ ಬಾಗಿಲತನಕ ಕಪ್ಪೆ. ಧಾರವಾಡದ ಮನೆಯಲ್ಲಿ ಕೆಮ್ಮಿದರೆ ಹಿತ್ತಲಲ್ಲಿ ಕೇಳುತ್ತಿರಲಿಲ್ಲ, ಇಲ್ಲಿ ಪಕ್ಕದ ಖೋಲಿಯವರು ಔಷಧ ಹೇಳುತ್ತಿದ್ದರು. ನಾನು ಬೆಳಗ್ಗೆ ಲೋಕಲ್ ಹಿಡಿದು ಹೋದರೆ ಸಂಜೆಯವರೆಗೆ ನೀಲಾ ಒಬ್ಬಳೇ. ಮರಾಠಿ ಅರ್ಧ ತಿಳಿಯುತ್ತಿತ್ತು, ಮಾತಾಡಲು ನಾಚಿಕೆ. ಅಂಗಡಿಯ ಜೋಳದ ಹಿಟ್ಟು ಅವಳ ದೊಡ್ಡ ಶತ್ರು.

"ಹಳೇ ಹಿಟ್ಟು ಕಟ್ಟತಾನ್ರಿ ಆಂವಾ. ಜಿಗಿನ ಇಲ್ಲ. ಬಡಿಯಾಕ ಹೋದ್ರ ರೊಟ್ಟಿ ಹರೀತಾವ."

"ಒಂದು ಬೀಸುಕಲ್ಲು ತರೋಣೇನು?"

"ಏ, ಬ್ಯಾಡ್ರಿ! ಅಷ್ಟ ಭಾರದ ಸಾಮಾನ ಬೆಳಗಾವಿಗೆ ಯಾರು ಹೊರಬೇಕು? ಹೋಗೋರು ಹಗುರ ಇರಬೇಕು."

ಇದು ನಮ್ಮ ಮನೆಯ ಕಾಯಿದೆಯಾಯಿತು. ಮಂಚ ಬೇಡ, ಕಪಾಟು ಬೇಡ, ಒಬ್ಬನೇ ಎತ್ತಲಾಗದ್ದು ಯಾವುದೂ ಬೇಡ. ಹರಿದ ರೊಟ್ಟಿಯನ್ನು ಮೂರು ವರ್ಷ ತಿಂದೆವು.

ಕಚೇರಿಯ ಸಂಗತಿ ಅವಳಿಗೆ ಸಂಜೆ ಹೇಳುತ್ತಿದ್ದೆ. ದೊಡ್ಡ ಹೆಡ್‌ಕ್ವಾರ್ಟರ್ಸಿನಲ್ಲಿ ಮೂರು ಶಾಖೆಗಳಿರುತ್ತವೆ. ಕಾಳಗದ ವಿಚಾರ ನೋಡುವುದು ಜಿ, ಜನರ ವಿಚಾರ ಎ, ಸಾಮಾನು ಸರಂಜಾಮು ಕ್ಯೂ. ನೀಲಾ ಕಾಯಿಪಲ್ಲೆ ಹೆಚ್ಚುತ್ತ ಕೇಳಿ, "ಹಂಗಾದ್ರ ನಮ್ಮ ಮನ್ಯಾಗ ಜಗಳಾ ತಗಿಯೋ ನೀವು ಜಿ. ಮಂದೀನ ಸಂಭಾಳಸೋದು, ಸಾಮಾನ ತರೋದು ಎರಡೂ ನಂದ" ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ವರ್ಗದ ಅರ್ಜಿ ಹಾಕಿದ್ದು ನೀಲಾ ಬಂದ ವರ್ಷವೇ. ಸೈನ್ಯದಲ್ಲಿ ಅರ್ಜಿ ನೆಟ್ಟಗೆ ಹೋಗುವಂತಿಲ್ಲ, ಮೆಟ್ಟಿಲು ಮೆಟ್ಟಿಲು ಹತ್ತಬೇಕು. ಬೊಂಬಾಯಿಯಿಂದ ಪುಣೆಗೆ, ಪುಣೆಯಿಂದ ಬೆಳಗಾವಿಗೆ. ನಾನು ಬಂದ ಹಾದಿಯೇ, ನನ್ನಂತೆಯೇ ಪುಣೆಯಲ್ಲಿ ಗಾಡಿ ಬದಲಿಸಬೇಕು. ನಾನೇ ಟೈಪು ಮಾಡಿ, ನಾನೇ ಲಕೋಟೆ ಅಂಟಿಸಿ ಕಳಿಸಿದೆ. ಎಂಟು ತಿಂಗಳ ಮೇಲೆ ಕಮಾಂಡಿನಿಂದ ತಿರುಗಿ ಬಂತು. ಅರ್ಜಿದಾರನು ಬೊಂಬಾಯಿಗೆ ಬರಲು ಬಯಸುತ್ತಾನೆ, ಆದರೆ ಆತ ಬೊಂಬಾಯಿಯಲ್ಲೇ ಇದ್ದಾನೆ, ಏನು ಬೇಕೆಂದು ತಿಳಿಸುವುದು ಎಂಬ ಟಿಪ್ಪಣಿ. 'ಈಗಿನ ಸ್ಟೇಷನ್' ಎಂಬಲ್ಲಿ ನಾನು ಬೆಳಗಾವಿ ಎಂದು ಹೊಡೆದಿದ್ದೆ. 'ಬಯಸುವ ಸ್ಟೇಷನ್' ಎಂಬಲ್ಲಿ ಬೊಂಬಾಯಿ. ಸಾವಂತರು ನಗದೆ ಇರಲು ಬಹಳ ಕಷ್ಟಪಟ್ಟರು. ನನಗೆ ಮೈಯೆಲ್ಲ ಉರಿಯಿತು. ಬೇರೆ ಅರ್ಜಿ ಹೊಡೆದು ಮತ್ತೆ ಕಳಿಸಿದೆ.

ಅದು ದಾರಿಯಲ್ಲಿದ್ದಾಗಲೇ ರಾಜ್ಯಗಳ ಗಡಿ ಬದಲಾಯಿತು. ಧಾರವಾಡ, ಬೆಳಗಾವಿ, ವಿಜಾಪುರ ಮೈಸೂರು ರಾಜ್ಯಕ್ಕೆ ಹೋದವು, ಉಡುಪಿಯೂ. ಆಗ ಬೊಂಬಾಯಿ ಮರಾಠಿ ರಾಜ್ಯಕ್ಕೇ ಸೇರಬೇಕೆಂದು ಬೀದಿಯಲ್ಲಿ ದಿನವೂ ಘೋಷಣೆ. "ಆತಾ ತುಮ್ಹೀ ಪರಕೇ ಝಾಲಾತ್" ಎಂದರು ಪಕ್ಕದ ಖೋಲಿಯಾಕೆ, ಅಂದರೆ ಇನ್ನು ನೀವು ಹೊರಗಿನವರಾದಿರಿ ಎಂದು. ತಮಾಷೆಗೇ ಅಂದರು, ಅವರ ಕೈಯಲ್ಲಿ ನಮಗೆಂದು ತಂದ ಪುರಣಪೋಳಿಯೂ ಇತ್ತು. ಆದರೂ ನಾನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಶೀನಣ್ಣ ಮಾತ್ರ ಖುಷಿಯಲ್ಲಿದ್ದರು. "ನಾವಿಬ್ರೂ ಈಗ ಒಂದೇ ರಾಜ್ಯ ಮಾರಾಯ್ರೆ!" ಎಂದು ಪುಕ್ಕಟೆ ಕಾಫಿ ಕೊಟ್ಟರು. ಒಂದೇ ರಾಜ್ಯ ಹೌದು, ಇಬ್ಬರೂ ಅಲ್ಲಿರಲಿಲ್ಲ ಅಷ್ಟೆ. ಕಚೇರಿಗೆ ಹೋಗಿ ಗೋಡೆಯ ನಕ್ಷೆ ನೋಡಿದೆ. ಅಲ್ಲಿ ಏನೂ ಬದಲಾಗಿರಲಿಲ್ಲ. ಕೊಲಾಬಾದಿಂದ ಬೆಳಗಾವಿಯವರೆಗೆ ಅದೇ ಕಮಾಂಡು, ಅದೇ ಬಣ್ಣ. ನನ್ನ ಖೋಲಿಯೂ ನನ್ನ ಊರೂ ಒಂದೇ ಗೆರೆಯೊಳಗೆ ಉಳಿದಿದ್ದುದು ಆ ಹಾಳೆಯ ಮೇಲೆ ಮಾತ್ರ.

ಕಳೆದ ಚೈತ್ರದಲ್ಲಿ ಪುಣೆಯಿಂದ ಲಕೋಟೆ ಬಂತು. ಬೆಳಗಾವಿಯಲ್ಲಿ ಜಾಗ ಖಾಲಿ ಇದೆ, ಒಪ್ಪಿಗೆ ಉಂಟೋ ಇಲ್ಲವೋ ಕೂಡಲೇ ತಿಳಿಸುವುದು. ನಾನು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಚರ್ಚ್‌ಗೇಟಿನಿಂದ ಕಾಂದಿವಲಿಯವರೆಗೆ ನಿಂತೇ ಬಂದೆ. ಕೂರಲು ಜಾಗ ಸಿಕ್ಕಿದರೂ ಕೂರಲಾಗಲಿಲ್ಲ.

ಬಾಗಿಲು ದಾಟುತ್ತಲೇ ಏನೋ ಕಾಲಿಗೆ ಬಡಿಯಿತು. ಬಾಗಿಲ ಪಕ್ಕದಲ್ಲೇ ಬೀಸುಕಲ್ಲು. ಹೊಸದು. ಸುತ್ತ ಹಿಟ್ಟು ಚೆಲ್ಲಿತ್ತು.

"ಇದೇನಿದು?"

"ಕಾಣವಲ್ದೇನ್ರಿ? ಬೀಸೂಕಲ್ಲು. ಗುಡ್ಡದಾಗ ಕಲ್ಲು ಕಡ್ಯಾಕ ಬಂದಾರಲ್ಲ, ವಿಜಾಪುರದ ಮಂದಿ, ಅವರ ಹೊತಗೊಂಡ ಬಂದು ಇಟ್ಟು ಹ್ವಾದ್ರು."

"ಭಾರದ ಸಾಮಾನ ಬ್ಯಾಡ ಅಂದಾಕಿ ನೀನ ಅಲ್ಲೇನು?"

"ಅಂದಿದ್ದೆ. ಮೂರ ವರ್ಷದ ಹಿಂದ."

ನಾನು ಕಾಗದ ತೆಗೆದು ಓದಿ ಹೇಳಿದೆ. ಅವಳು ಕುಣಿಯುತ್ತಾಳೆ ಎಂದುಕೊಂಡಿದ್ದೆ. ನೀಲಾ ಕಲ್ಲಿನ ಪಕ್ಕದಲ್ಲಿ ಕೂತುಬಿಟ್ಟಳು.

"ಈಗ ಬಂತೇನ್ರಿ ಇದು?" ಎಂದಳು. ಕಣ್ಣು ತುಂಬಿತ್ತು. "ಚಾಳಿನಾಗ ಎಂಟು ಮಂದಿ ಹೆಣ್ಮಕ್ಕಳು ನನ್ನ ಕಡೆ ಹೊಲಿಗಿ ಕಲೀಲಿಕ್ಕೆ ಬರ್ತಾರ. ಬುಧವಾರಕ್ಕೊಮ್ಮೆ ದಾದರಕ್ಕ ಒಬ್ಬಾಕಿನ ಹೋಗಿ ಅರಿವಿ ತರ್ತೇನಿ. ಊರಾಗ ನಾ ಒಬ್ಬಾಕಿನ ಪ್ಯಾಟಿಗೆ ಹೋಗಿದ್ದು ಯಾವಾಗರೆ ನೋಡೀರೇನು?"

ನೋಡಿರಲಿಲ್ಲ. ಊರಿನಲ್ಲಿ ಅವಳು ದೇವಸ್ಥಾನಕ್ಕೂ ಅತ್ತಿಗೆಯ ಬೆನ್ನ ಹಿಂದೆಯೇ ಹೋಗುತ್ತಿದ್ದಳು. ಆದರೆ ಆ ಹೊತ್ತಿಗೆ ನನಗೆ ನ್ಯಾಯ ಬೇಕಿರಲಿಲ್ಲ, ಬೆಳಗಾವಿ ಬೇಕಿತ್ತು. ಕೂಗಾಡಿದೆ. ನಿನಗಾಗಿಯೇ ಇಷ್ಟು ವರ್ಷ ಅರ್ಜಿಗಳ ಹಿಂದೆ ಅಲೆದೆ ಎಂದೆ. ಅದೂ ಪೂರ್ತಿ ನಿಜವಲ್ಲ, ನನಗಾಗಿಯೂ ಅಲೆದಿದ್ದೆ.

ನೀಲಾ ಪೂರ್ತಿ ಕೇಳಿಸಿಕೊಂಡಳು. "ನೀವು ಹೋಗೂಣು ಅಂದ್ರ ಬರ್ತೇನ್ರಿ" ಎಂದಳು. "ಕಲ್ಲು ಇಲ್ಲೇ ಇರಲಿ. ಹೆಣ್ಮಕ್ಕಳು ಬೀಸಿಕೋತಾರ."

ಆಮೇಲೆ ಎದ್ದು ರೊಟ್ಟಿ ಬಡಿದಳು. ಒಂದೂ ಹರಿಯಲಿಲ್ಲ. ತಾಟಿನಗಲ, ತೆಳ್ಳಗೆ, ಬಿಸಿ, ಥೇಟು ನಮ್ಮ ಮನೆಯ ರೊಟ್ಟಿ. ನನಗೆ ಇನ್ನಷ್ಟು ಸಿಟ್ಟು ಬಂತು. ಸಿಟ್ಟಿನಲ್ಲೇ ನಾಲ್ಕು ತಿಂದೆ.

ಮರುದಿನ ಸಾವಂತರು ಕೇಳಿದರು: "ಬೋಲೋ, ವಿಲಿಂಗ್ ಯಾ ಅನ್‌ವಿಲಿಂಗ್?" ನಾನು ಯಂತ್ರಕ್ಕೆ ಕಾಗದ ಹಾಕಿ ವಿಲಿಂಗ್ ಎಂದು ಹೊಡೆದೆ. ಬಹಳ ಹೊತ್ತು ಅದನ್ನೇ ನೋಡಿದೆ. ಕಲ್ಲಿನ ಪಕ್ಕದಲ್ಲಿ ಕೂತ ನೀಲಾಳ ಮುಖ ಬಿಟ್ಟು ಬೇರೇನೂ ಕಣ್ಣಿಗೆ ಬರಲಿಲ್ಲ. ಕಾಗದ ಕಿತ್ತು ಹರಿದು ಇನ್ನೊಂದು ಹಾಕಿ ಅನ್‌ವಿಲಿಂಗ್ ಎಂದು ಹೊಡೆದೆ. ಲಕೋಟೆ ಪುಣೆಗೆ ಹೋಯಿತು. ಆ ಜಾಗಕ್ಕೆ ಬೇರೆ ಯಾರೋ ಹೋದರು, ಅವರ ಹೆಸರು ನಾನು ವಿಚಾರಿಸಲಿಲ್ಲ.

ಸರಿ ಮಾಡಿದೆನೋ ತಪ್ಪು ಮಾಡಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ದಾದರಿನಲ್ಲಿ ಪುಣೆಯ ಗಾಡಿ ಕಂಡರೆ ಕಾಲು ತಾನೇ ಅತ್ತ ತಿರುಗುತ್ತದೆ. ಮನೆಗೆ ಬಂದರೆ ಕಲ್ಲಿನ ಸದ್ದು ಗಲ್ಲಿಯ ತಿರುವಿನಲ್ಲೇ ಕೇಳುತ್ತದೆ, ನಡಿಗೆ ಚುರುಕಾಗುತ್ತದೆ.

ಮುಂದಿನ ವಾರ ಅಣ್ಣನ ಮಗಳ ಮದುವೆ, ಇಬ್ಬರೂ ಹೊರಟಿದ್ದೇವೆ. ನಮ್ಮಲ್ಲಿ ರಜೆ ಸಿಕ್ಕರೆ ಸಾಲದು, ಸ್ಟೇಷನ್ ಬಿಡಲು ಬೇರೆ ಅಪ್ಪಣೆ ಬೇಕು. ನಿನ್ನೆ ಆ ಫಾರ್ಮು ತುಂಬಿದೆ. ಸ್ಟೇಷನ್: ಬೊಂಬಾಯಿ. ಈ ಸಲ ತಪ್ಪಲಿಲ್ಲ. ಕೆಳಗೆ, ಸ್ಟೇಷನ್ನಿನ ಹೊರಗಿರುವಾಗಿನ ವಿಳಾಸ. ನನ್ನ ಹೆಸರು, ನಮ್ಮ ಓಣಿ, ಧಾರವಾಡ ಎಂದು ಹೊಡೆದು ಸಾವಂತರ ಮುಂದಿಟ್ಟೆ. ಅವರು ಅದರ ಮೇಲೆ ಬೆರಳಿಟ್ಟರು.

"ಕೇರ್ ಆಫ್ ಕೋಣ್?" ಯಾರ ಮನೆಯಲ್ಲಿ ಇಳಿದುಕೊಳ್ಳುತ್ತೀ ಎಂದು.

"ಮೇರಾ ಹೀ ಘರ್ ಹೈ, ಸಾಹೇಬ್," ನನ್ನದೇ ಮನೆ ಎನ್ನಲು ಬಾಯಿ ತೆರೆದೆ. ಓಣಿಗೆ ಈಗ ಹೊಸ ಪೋಸ್ಟ್‌ಮ್ಯಾನ್ ಬಂದಿದ್ದಾನೆ ಎಂದು ಅಣ್ಣ ಬರೆದದ್ದು ನೆನಪಾಯಿತು. ನನ್ನ ಹೆಸರಿನ ತಂತಿ ಬಂದರೆ ಅವನು ಯಾವ ಬಾಗಿಲಿಗೆ ಕೊಡಬೇಕು? ಫಾರ್ಮನ್ನು ಮತ್ತೆ ಯಂತ್ರಕ್ಕೆ ಹಾಕಿ, ನಾನು ಹುಟ್ಟಿದ ಮನೆಯ ವಿಳಾಸದ ಮೇಲೆ ಅಣ್ಣನ ಹೆಸರು ಹೊಡೆದೆ, ಅದರ ಮುಂಚೆ ಕೇರ್ ಆಫ್ ಎಂದು ಹೊಡೆದೆ. ಸಾವಂತರು ಮೊಹರು ಒತ್ತಿ ಕೈಗೆ ಕೊಟ್ಟರು.