ಮೀನಿಲ್ಲದ ತಿಂಗಳಲ್ಲಿ ಕಂಡ ಮನೆ

ಗೋವಾಕ್ಕೆ ಬಂದು ನೆಲೆಸಿದ ನಮ್ಮ ಕಡೆಯ ಮಂದಿಗೆ ಆ ದಿನಗಳಲ್ಲಿ ಒಂದೇ ಹುಚ್ಚು, ಸ್ವಂತ ಮನೆ. ದಾಬೋಲಿಮ್‌ನ ಬಾಡಿಗೆ ಕೋಣೆಯಲ್ಲಿ ಚಪಾತಿ ಲಟ್ಟಿಸುವಾಗಲೂ ಅವ್ವನ ಬಾಯಲ್ಲಿ ಅದೇ ಮಾತು. ನಾನಾಗ ಐದನೆಯ ಕ್ಲಾಸು.

ಕೊನೆಗೆ ಸಮುದ್ರ ಕಾಣುವ ಮನೆಯೊಂದು ಸಿಕ್ಕಿತು. ಮಳೆಯಲ್ಲೇ ಹೋಗಿ ನೋಡಿ ಬಂದೆವು. ಹಿಂದೆ ಬೇಲಿಯಾಚೆ ಬೀಗ ಹಾಕಿದ ದೊಡ್ಡ ತಗಡಿನ ಶೆಡ್ಡು. ಯಾರೂ ಅದರ ಬಗ್ಗೆ ಕೇಳಲಿಲ್ಲ. ಆಷಾಢದಲ್ಲಿ ಬೇಡವೆಂದು ಅವ್ವ ಹಟ ಹಿಡಿದಳು. ಶ್ರಾವಣ ಸೋಮವಾರ ಹಾಲುಕ್ಕಿಸಿ ಒಳಗೆ ಹೋದೆವು. ಹೊಸ ಬಣ್ಣದ ವಾಸನೆ, ಹೋಳಿಗೆ, ತುಪ್ಪ. ಖಾಲಿ ಕೋಣೆಗಳಲ್ಲಿ ನಾನು ಕುಂಟಾಬಿಲ್ಲೆ ಆಡಿದ್ದೇ ಆಡಿದ್ದು.

ಆ ವಾರವೇ ಶೆಡ್ಡಿನ ಬೀಗ ತೆರೆಯಿತು. ಅದು ಮೀನು ಬೇಯಿಸಿ, ಒಣಗಿಸಿ, ಪುಡಿ ಮಾಡುವ ಕಾರ್ಖಾನೆ. ಆ ನಾತ ಅನ್ನದೊಳಗೆ, ತಲೆದಿಂಬಿನೊಳಗೆ, ನನ್ನ ಯೂನಿಫಾರ್ಮಿನೊಳಗೆ ಬಂದು ಕೂತಿತು. ಶಾಲೆಯಲ್ಲಿ ಪಕ್ಕದ ಹುಡುಗಿ ಬೆಂಚಿನ ತುದಿಗೆ ಸರಿದಳು.

ನಮ್ಮ ಕಡೆಯವರಿಂದ ಕನ್ನಡ ಕಲಿತಿದ್ದ ನೆರೆಮನೆಯ ಕೊಂಕಣಿ ಹೆಂಗಸಿಗೆ ನಗು. "ಮಳಿಗಾಲದಾಗ ಬೋಟ್ ಹೋಗಂಗಿಲ್ಲ, ಸರಕಾರ ಮೀನ ಹಿಡಿಯಾಕ ಬಿಡಂಗಿಲ್ಲ. ಮೀನ ಇಲ್ಲ, ಅದಕ್ಕ ಬಂದ್ ಇತ್ತು. ಇಷ್ಟೂ ಗೊತ್ತಿಲ್ಲೇನ ನಿಮಗ?"

ಮೀನು ತಿನ್ನುವ ಯಾರಿಗಾದರೂ ಗೊತ್ತಿರುತ್ತಿತ್ತು. ನಾವು ಪಂಚಾಂಗ ನೋಡಿದ್ದೆವು, ಮೀನಿನ ಪೇಟೆಯನ್ನಲ್ಲ.

ಅವ್ವ ಆಗ ಬಸುರಿ. ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ, ಕೆನ್ನೆ ಒಳಗೆ ಹೋದವು. ಒಂದು ದಿನ ಬಟ್ಟೆ ಕಟ್ಟಿಕೊಂಡು ಧಾರವಾಡದ ತವರಿಗೆ ಹೊರಟೇಬಿಟ್ಟಳು.

"ಈ ಮನ್ಯಾಗ ನನ್ನ ಕೂಸು ಉಳಿಯಂಗಿಲ್ರಿ. ಇದನ್ನ ಬಿಡೂತನಕಾ ನಾ ಬರಂಗಿಲ್ಲ."

ತಮ್ಮ ಅಲ್ಲೇ ಹುಟ್ಟಿದ. ಇಲ್ಲಿ ಅಪ್ಪ ಮನೆ ಮಾರಲು ಓಡಾಡಿದ. ಬಂದವರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ತಿರುಗಿದರು. ನಾನೂ ಅಪ್ಪನೂ ಅವಲಕ್ಕಿ ತಿಂದು ದಿನ ನೂಕಿದೆವು. ಅವ್ವ ಬೇಕು ಎಂದು ನಾನು ಅಳುತ್ತಿದ್ದೆ, ಅಪ್ಪನೂ ಅಳುತ್ತಿದ್ದನೇನೋ.

ಮತ್ತೆ ಮಳೆ ಹಿಡಿಯಿತು, ಶೆಡ್ಡು ಮುಚ್ಚಿತು. ಆಗ ಅಪ್ಪ ಬೆಳಗಾವಿ ಕಡೆಯವರೊಬ್ಬರನ್ನು ಕರೆತಂದ. ಅವರೂ ನಮ್ಮಂತೆ ಮೀನು ಮುಟ್ಟದವರು. ಜೊತೆಗೆ ಹೆಂಡತಿ, ನನ್ನಷ್ಟೇ ವಯಸ್ಸಿನ ಮಗಳು. ಅವಳು ಕಿಟಕಿಗೆ ಓಡಿ, "ಪಪ್ಪಾ, ಸಮುದ್ರ ಕಾಣತೈತಿ!" ಎಂದು ಕುಣಿದಳು.

"ಹಿಂದ ಅದೇನ್ರಿ, ಶೆಡ್ಡು?" ಎಂದರು ಅವರು.

ನಾನು ಬಾಯಿ ತೆರೆದೆ. ಅಪ್ಪ ನನ್ನ ಕಡೆ ನೋಡದೆ, "ಅವರಿಗೆ ನೀರು ತಗೊಂಬಾ ಮಗಳ" ಎಂದ. ಅಡುಗೆಮನೆಗೆ ಅವನ ದನಿ ಕೇಳಿಸಿತು: "ಬಂದ್ ಬಿದ್ದೈತ್ರಿ ಅದು. ಗಾಳಿ ಭಾಳ ಚಲೋ ಐತ್ರಿ ಇಲ್ಲಿ."

ಮನೆ ಹೋಯಿತು. ತಮ್ಮನನ್ನು ಎತ್ತಿಕೊಂಡು ಅವ್ವ ಮತ್ತೊಂದು ಬಾಡಿಗೆ ಕೋಣೆಗೆ ಬಂದಳು. ಮೊದಲ ದಿನ ಜೋಳದ ರೊಟ್ಟಿ, ಎಣಗಾಯಿ. ಉಣ್ಣುತ್ತಾ ಕೇಳಿದಳು, "ತಗೊಂಡವರಿಗೆ ವಾಸನಿ ಸುದ್ದಿ ಹೇಳಿದ್ರಿಲ್ಲೋ?"

"ಆರತೈತಿ, ಉಣ್ಣು" ಎಂದ ಅಪ್ಪ. ಅವ್ವ ತನ್ನ ತಾಟನ್ನು ಆಚೆ ಸರಿಸಿದಳು.

ಅಪ್ಪ ಅದನ್ನು ನಮಗಾಗಿ ಮಾಡಿದ, ಬಲ್ಲೆ. ಅವ್ವ ಸಿಕ್ಕಳು, ತಮ್ಮ ಉಳಿದ. ಆದರೆ ಅಲ್ಲಿಯವರೆಗೆ ಅಪ್ಪ ಹೇಳಿದ್ದೆಲ್ಲ ನನಗೆ ಖರೇ ಆಗಿತ್ತು. ಈಗ ಅವನಿಗೆ ವಯಸ್ಸಾಗಿದೆ, ಸಕ್ಕರೆ ಕಾಯಿಲೆ. ಫೋನ್ ಮಾಡಿದಾಗ, "ಆರಾಮ ಅದೀನವ್ವಾ" ಎನ್ನುತ್ತಾನೆ. ನಾನು, "ಅವ್ವನ ಕೈಗೆ ಕೊಡಪ್ಪ" ಎನ್ನುತ್ತೇನೆ.